ಬಿಸಿ ತಾಗದ ಕೈ

ಮದುವೆಯಾಗಿ ಗುಂಡ್ಲುಪೇಟೆಯಿಂದ ಹರವೆಗೆ ಬಂದ ಹೊಸತರಲ್ಲಿ ನನಗಿದ್ದ ದೊಡ್ಡ ಅವಮಾನವೆಂದರೆ ಮುದ್ದೆ. ಹಿಟ್ಟು ತೊಳಸುವುದೂ ಅಷ್ಟಕ್ಕಷ್ಟೇ, ಹಬೆಯಾಡುವ ಉಂಡೆಗೆ ಕೈ ಹಾಕಿದರಂತೂ ಕಿರುಚಿಕೊಂಡು ನೀರಿನ ಚೊಂಬಿಗೆ ಓಡುತ್ತಿದ್ದೆ. ಅತ್ತೆ ಮಾತ್ರ ಕೈಗೆ ನೀರನ್ನೂ ಸವರಿಕೊಳ್ಳದೆ ಬಲಗೈಯಲ್ಲಿ ಗುಂಡಗೆ ಹೊರಳಿಸಿ ಇಡುತ್ತಿದ್ದರು. ಬೀದಿಯಲ್ಲಿ ಯಾರ ಮನೆಯ ಬೀಗರೂಟವಾದರೂ ಮುದ್ದೆ ಕಟ್ಟಲು ಅವರೇ ಬೇಕು. "ಏನಮ್ಮಿ, ನಿನ್ ಕೈಯೇನು ಬೆಣ್ಣೇಲಿ ಮಾಡವ್ರಾ?" ಎಂದು ಎಲ್ಲರೆದುರು ನಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಮತ್ತೆ ಉಂಡೆಗೆ ಕೈ ಹಾಕುತ್ತಿದ್ದೆ.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಚಾಮರಾಜನಗರದಿಂದ ಆರೋಗ್ಯ ಕಾರ್ಯಕರ್ತರೊಬ್ಬರು ಸೈಕಲ್ಲಿನಲ್ಲಿ ಬಂದು ಮನೆಮನೆಯಲ್ಲೂ ಚರ್ಮ ನೋಡುತ್ತಿದ್ದರು. ಕಣ್ಣು ಮುಚ್ಚಿಸಿ, ಕೋಳಿಪುಕ್ಕ ತಾಗಿಸಿ, ಎಲ್ಲಿ ತಾಗಿತು ತೋರಿಸಿ ಅನ್ನುವುದು. ನನಗೆ ಕಚಗುಳಿಯಾಗಿ ನಗು ತಡೆಯಲಿಲ್ಲ. ಅತ್ತೆಯ ಬಲಗೈಗೆ ಪುಕ್ಕ ಮೂರು ಸಲ ತಾಗಿತು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಬೇಗ ಮುಟ್ಟಪ್ಪ, ಒಲೆ ಮ್ಯಾಲೆ ಸಾರೈತೆ" ಅಂದರು.

ಅವರ ಕೈ ಮೇಲಿನ ಬಿಳಚು ಮಚ್ಚೆ ಕುಷ್ಠದ್ದಾಗಿತ್ತು. ಸುಳ್ಳೇಕೆ ಹೇಳಲಿ, ಮೊದಲು ನನಗಾದದ್ದು ಖುಷಿ: ನನ್ನ ಕೈಯೇ ಸರಿಯಾದ ಕೈ! ಆಮೇಲೆ ಅವರ ಮುಖ ನೋಡಿ ನಾಚಿಕೆಯಾಯಿತು. ಅವರ ತವರಿನಲ್ಲಿ ಈ ಕಾಯಿಲೆ ಬಂದ ಸೋದರತ್ತೆಯನ್ನು ಹೊಲದ ಗುಡಿಸಲಲ್ಲಿ ಇಟ್ಟಿದ್ದರಂತೆ. ದೂರದ ಕಲ್ಲಿನ ಮೇಲೆ ಊಟ ಇಟ್ಟು, ಕೂಗಿ ಹೇಳಿ, ಓಡಿ ಬರುತ್ತಿದ್ದ ಹುಡುಗಿ ಇವರೇ. "ನನ್ನೂ ಒಲಕ್ಕೆ ಕಳಿಸ್ಬುಡ್ತೀರಾ?" ಅಂದರು.

"ಆ ಕಾಲ ಹೋಯ್ತು ಕಣವ್ವ. ಆರು ತಿಂಗ್ಳು ಮಾತ್ರೆ ನುಂಗು, ವಾಸಿಯಾಯ್ತದೆ, ಯಾರಿಗೂ ಅಂಟಾಕಿಲ್ಲ. ಆದ್ರೆ ಆ ಕೈ ಸುಟ್ರೂ ನಿಂಗೆ ಗೊತ್ತಾಗಾಕಿಲ್ಲ, ಅದ್ರಲ್ಲಿ ಇನ್ನು ಬಿಸಿ ಮುಟ್ಟಂಗಿಲ್ಲ" ಅಂದರು ಕಾರ್ಯಕರ್ತರು.

ಮನೆಯಲ್ಲೇನೋ ಎಂದಿನಂತೆ ಒಟ್ಟಿಗೇ ಉಂಡೆವು. ಮಾವ ದಿನವೂ ಮಾತ್ರೆ ಕೊಟ್ಟು, ನುಂಗಿದರೋ ಇಲ್ಲವೋ ಎಂದು ಬಾಯಿ ತೆಗೆಸಿ ನೋಡುತ್ತಿದ್ದರು. ಅತ್ತೆ ನಾಲಿಗೆ ಚಾಚಿ ಅಣಕಿಸುತ್ತಿದ್ದರು. ಆದರೆ ಬೀದಿಯಲ್ಲಿ ಸುದ್ದಿ ಹರಡಿತ್ತು. ಅವರನ್ನು ಕರೆಯುವವರು ಕಡಿಮೆಯಾದರು, ಅವರ ಮಾತೂ ಕಡಿಮೆಯಾಯಿತು. ನನ್ನನ್ನು ಆಡಿಕೊಳ್ಳುವುದನ್ನೂ ಬಿಟ್ಟರು. ಅದನ್ನು ಮಾತ್ರ ನನಗೆ ಸಹಿಸಲಾಗಲಿಲ್ಲ.

ಮಾತ್ರೆಯೆಲ್ಲ ಮುಗಿದ ಮೇಲೆ ಎದುರು ಮನೆಯ ಬೀಗರೂಟ ಬಂತು. ಆ ಮನೆಯ ಯಜಮಾನಿಯ ಬಾಯಿಗೆ ಊರೇ ಹೆದರುತ್ತಿತ್ತು. ಅವರೇ ಬಂದು ಕರೆದರು. ಅತ್ತೆಯ ಬದಲು ಮುದ್ದೆ ಮಾಡಲು ನಾನು ನಿಂತೆ. ಇಷ್ಟು ವರ್ಷ ಕಡೆಗೆ ಉಣ್ಣುತ್ತಿದ್ದ ಅತ್ತೆ ಅಂದು ಮೊದಲ ಪಂಕ್ತಿಯಲ್ಲಿ ಕೂತರು. ಅವರ ಎರಡೂ ಪಕ್ಕದ ಜಾಗ ಖಾಲಿಯೇ ಉಳಿಯಿತು. ಅತ್ತೆ ತಲೆ ಬಗ್ಗಿಸಿ ಎಲೆ ನೋಡುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಕೈ ಸುಡುತ್ತಿರುವುದೂ ಮರೆತುಹೋಯಿತು.

ಅಷ್ಟರಲ್ಲಿ ಯಜಮಾನಿ ಬಂದು ಅತ್ತೆಯ ಪಕ್ಕ ದೊಪ್ಪನೆ ಕೂತರು. ಅತ್ತೆ ಮುರಿದಿಟ್ಟಿದ್ದ ಮುದ್ದೆಯಿಂದಲೇ ಒಂದು ತುತ್ತು ಕಿತ್ತು, ಅದೇ ಎಲೆಯ ಸಾರಿಗೆ ಅದ್ದಿ ನುಂಗಿ, ಬೀದಿಗೆಲ್ಲ ಕೇಳುವಂತೆ ಕೂಗಿದರು: "ತೂ, ಬರೀ ಗಂಟು! ಏನಮ್ಮಿ, ಸೊಸೆಗೆ ಏನೂ ಕಲಿಸ್ನಿಲ್ವಾ ನೀನು?"

ಅತ್ತೆ ತಲೆ ಎತ್ತಿದರು. "ನಾನೇನೋ ಏಳ್ಕೊಟ್ಟೆ ಕಣಕ್ಕ, ಅವಳು ಕಲೀಬೇಕಲ್ಲ!" ಎಂದು ಬಾಯ್ತುಂಬ ನಕ್ಕರು. ಅಷ್ಟು ಜನರೆದುರು ಬೈಸಿಕೊಂಡು ನಾನು ಅಷ್ಟೊಂದು ಸಂತೋಷಪಟ್ಟದ್ದು ಅದೊಂದೇ ಸಲ.