ಅಕ್ಕನ ರಕ್ತ, ತಮ್ಮನ ಲೆಕ್ಕ

ಆಸ್ಪತ್ರೆಯ ಲ್ಯಾಬಿನಲ್ಲಿ ಅವನ ನಿಜವಾದ ಹೆಸರು ಬಾಗಿಲ ಬಳಿಯ ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವನು ಇನ್ನಷ್ಟಪ್ಪ. ಯಾವ ವಾರ್ಡಿನಿಂದ ಎಷ್ಟೇ ರಕ್ತ ಬರಲಿ, ಕೊಳವೆಯನ್ನು ಬೆಳಕಿಗೆ ಹಿಡಿದು, ಮೂಗು ಮುರಿದು, "ಇನ್ನಷ್ಟು ಬೇಕು" ಎಂದು ವಾಪಸು ಕಳಿಸುವ ಶೂರ. ಅವನ ಯಂತ್ರ ಬಿಳಿ ರಕ್ತಕಣಗಳನ್ನು ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಮೆರವಣಿಗೆ ಹೊರಡಿಸುತ್ತಿತ್ತು. ಅದರಲ್ಲಿ ಲಕ್ಷಕ್ಕೊಂದರಂತೆ ಅವಿತಿರುವ ಕ್ಯಾನ್ಸರ್ ಕಣವನ್ನು ಹಿಡಿಯಬೇಕು. ಒಂದೆರಡು ಕಂಡರೆ ಧೂಳೂ ಇರಬಹುದು, ಇಪ್ಪತ್ತಾದರೂ ಕಂಡರೆ ನಂಬಿಕೆ. ಅಂದಮೇಲೆ ಇಪ್ಪತ್ತು ಲಕ್ಷ ಕಣ ಹಾಯಿಸಲೇಬೇಕು. ಈ ಉಪದೇಶ ಕೇಳಿ ಕೇಳಿ ನರ್ಸುಗಳು ಅವನನ್ನು ಕಂಡರೆ ಬೇರೆ ಮೆಟ್ಟಿಲು ಹತ್ತುತ್ತಿದ್ದರು.

ಇಂಥ ಮಹಾವೀರನ ಸ್ವಂತ ಅಕ್ಕನಿಗೇ ರಕ್ತದ ಕ್ಯಾನ್ಸರ್ ಆಗಿ, ಚಿಕಿತ್ಸೆ ಮುಗಿದಿತ್ತು. ರೋಗದ ಕಣ ಉಳಿದಿಲ್ಲವೆಂದರೆ ಮನೆ. ಉಳಿದಿದ್ದರೆ ಮತ್ತೆ ಅದೇ ಇಂಜೆಕ್ಷನ್ನು, ಅದೇ ವಾಂತಿ. ಬೇರೆಯವರ ಕೈಯನ್ನು ನಂಬದೆ ತಾನೇ ಸೂಜಿ ಹಿಡಿದು ವಾರ್ಡಿಗೆ ದಂಡೆತ್ತಿ ಹೋದ. ಸೂಜಿ ತಾಗಿದೊಡನೆ ಅಕ್ಕ ಹಲ್ಲು ಕಚ್ಚಿದಳು. ವೀರ ಕೊಳವೆಯ ತಳ ಒದ್ದೆಯಾಗುವಷ್ಟು ಎಳೆದು, "ಸಾಕು ಬಿಡಕ್ಕ" ಎಂದುಬಿಟ್ಟ. ಪಕ್ಕದಲ್ಲಿದ್ದ ನರ್ಸ್ ತನ್ನ ಕಿವಿಯನ್ನೇ ನಂಬಲಿಲ್ಲ.

ಔಷಧಿಗೆ ಸೊರಗಿದ ರಕ್ತ. ಯಂತ್ರಕ್ಕೆ ಸಿಕ್ಕಿದ್ದು ಒಂದೇ ಲಕ್ಷ ಕಣ. ಅದರಲ್ಲಿ ಕೆಟ್ಟದ್ದು ಸೊನ್ನೆ. ಬೇರೆಯವರ ಸೊನ್ನೆಯಾಗಿದ್ದರೆ ನಕ್ಕು ಕಸದ ಬುಟ್ಟಿಗೆ ಎಸೆಯುತ್ತಿದ್ದ. ಈ ಸೊನ್ನೆಯನ್ನು ಮಾತ್ರ ಬಹಳ ಹೊತ್ತು ಮುದ್ದಿನಿಂದ ನೋಡಿದ. ಕೊನೆಗೆ ಬಾಲ ಮುದುರಿಕೊಂಡು ಅಕ್ಕನ ಮುಂದೆ ನಿಂತ.

"ಏನೋ, ಇದ್ಯಾ ಇಲ್ವಾ?"

"ಕಾಣಲಿಲ್ಲ. ಆದ್ರೆ ನೋಡಿದ್ದೇ ಕಡಿಮೆ."

"ಚಿಕ್ಕವನಿದ್ದಾಗ ಒಂದು ಸಲ ಬಾಚಣಿಗೆ ಎಳೆದ್ರೆ, ಹೇನಿಲ್ಲ ಅಂತ ಎದ್ದು ಓಡ್ತಿದ್ದೆ. ನಾನು ಬಿಡ್ತಿದ್ನಾ?"

"ಜುಟ್ಟು ಹಿಡಿದು ಕೂರಿಸ್ತಿದ್ದೆ."

"ಮತ್ತೆ? ಊರವರಿಗೆಲ್ಲ ರಕ್ತಪಿಶಾಚಿ, ನನಗೆ ಮಾತ್ರ ದಯಾಮಯಿನಾ? ತಗೊ." ತೋಳು ಚಾಚಿದಳು. "ಅಳಬೇಡ, ಚುಚ್ಚೋದು ನನಗೆ."

ನರ್ಸೇ ತೆಗೆದಳು, ಎರಡು ಕೊಳವೆ ತುಂಬ. ಅವನು ಗೋಡೆ ನೋಡುತ್ತ ನಿಂತಿದ್ದ. ಇಪ್ಪತ್ತು ಲಕ್ಷ ಕಣಗಳ ಮೆರವಣಿಗೆ ಮುಗಿಯುವಷ್ಟರಲ್ಲಿ ಅವನ ಉಗುರುಗಳೂ ಮುಗಿದಿದ್ದವು. ಡಾಕ್ಟರು ವರದಿ ನೋಡಿ ತಲೆಯಾಡಿಸಿದ ಮೇಲೆ ವಾರ್ಡಿಗೆ ಓಡಿದ.

"ಕಾಣಲಿಲ್ಲ ಅಕ್ಕ."

"ಪೂರ್ತಿ ಬಾಚಿದ್ಯಾ?"

"ಪೂರ್ತಿ."

ಅಕ್ಕ ಹೊದಿಕೆ ಸರಿಸಿ ಕಾಲು ಇಳಿಬಿಟ್ಟು, "ಚಪ್ಪಲಿ ಹುಡುಕು, ಹೊರಡೋಣ" ಎಂದಳು.

ಒಂದು ಸಿಕ್ಕಿತು. ಇನ್ನೊಂದಕ್ಕಾಗಿ ಇನ್ನಷ್ಟಪ್ಪ ಮಂಚದಡಿ ಒಮ್ಮೆ ಇಣುಕಿ, "ಇಲ್ಲ ಕಣಕ್ಕ" ಎಂದ.

"ಒಂದೇ ಸಲ ನೋಡಿದ್ರೆ ಆಯ್ತೇನೋ?"