ನಿದ್ದೆ ಬೇಕಿದ್ದ ಬಳ್ಳಿ

ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ನನ್ನ ಮೈದುನ ಮಾತು ಬಿಟ್ಟ. ಮಗುವೂ ಉಳಿಯಲಿಲ್ಲ. ಕರೆದರೆ ತಿರುಗಿ ನೋಡುತ್ತಿದ್ದ, ತಟ್ಟೆ ಹಾಕಿದರೆ ಉಣ್ಣುತ್ತಿದ್ದ, ಅಷ್ಟೆ. ಪೆರೇಸಂದ್ರದ ಹತ್ತಿರದ ಆ ಮನೆಯಲ್ಲಿದ್ದವರು ಅತ್ತೆ, ನಮ್ಮ ಯಜಮಾನರು, ನಾನು ಮತ್ತು ಅವನು. ನಾಲ್ವರಲ್ಲಿ ಒಬ್ಬರು ಬಾಯಿ ಮುಚ್ಚಿಕೊಂಡರೆ ಲೋಟ ಇಟ್ಟ ಸದ್ದೂ ಜೋರಾಗಿ ಕೇಳುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಮ್ಮ ಕಡೆ ಅಲ್ಲೊಂದು ಇಲ್ಲೊಂದು ವೈನ್ ದ್ರಾಕ್ಷಿಯ ತೋಟ ಏಳುತ್ತಿದ್ದ ಕಾಲ. ನಂದಿಬೆಟ್ಟದ ಕೆಳಗೆ ಅಂಥದೊಂದು ತೋಟದಲ್ಲಿ ಮೈದುನ ಮೇಸ್ತ್ರಿಯಾಗಿದ್ದ. ಅಲ್ಲಿ ಮಿಕ್ಕಿದ ಸಸಿಗಳನ್ನು ಕೇಳಿ ಪಡೆದು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಒಂದು ದಿನ ಮನೆಗೆ ತಂದ.

"ಅತ್ತಿಗೆ, ಇದು ಚಳಿ ದೇಶದ್ದು. ಪಿನೋ ನ್ವಾರ್ ಅಂತಾರೆ," ಅಂದ.

ಕೇಳದೆ ತಾನಾಗಿ ಆಡಿದ ಮಾತು. ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅತ್ತೆ ಜಗಲಿಯಿಂದಲೇ, "ಆ ಹೆಸರು ಹೇಳೋಕೆ ನಂಗೆ ಹಲ್ಲಿಲ್ಲಪ್ಪ. ಫಾರಿನ್ ಸೊಸೆ ಅಂತ ಕರೀತೀನಿ ಬಿಡು," ಅಂದುಬಿಟ್ಟರು. ಸೊಸೆ ಎಂಬ ಮಾತು ಬಾಯಿಂದ ಜಾರಿದ್ದು ಗೊತ್ತಾಗಿ ಸೆರಗು ಬಾಯಿಗೆ ಒತ್ತಿಕೊಂಡರು. ಮೈದುನ ನಕ್ಕ. ನಾನು ಒಳಗೆ ಹೋಗಿ ದೇವರ ಮುಂದೆ ನಿಂತು ಬಂದೆ.

ಸಸಿಗಳನ್ನು ನಮ್ಮ ನೀಲಿ ದ್ರಾಕ್ಷಿ ತೋಟದ ಅಂಚಿಗೆ ಒಂದು ಸಾಲಾಗಿ ನೆಟ್ಟ. ಅಂದಿನಿಂದ ಸಂಜೆ ನಾನು ಅಕ್ಕಿ ಆರಿಸುವಾಗ ಅಡಿಗೆಮನೆ ಬಾಗಿಲಲ್ಲಿ ಕೂತು ಆ ಬಳ್ಳಿಯ ವಿಷಯ ಹೇಳುತ್ತಿದ್ದ. ಫ್ರಾನ್ಸಿನಲ್ಲಿ ಬರ್ಗಂಡಿ ಎಂಬ ಸೀಮೆ ಅದರ ತವರಂತೆ. ಅಲ್ಲಿಂದ ಜರ್ಮನಿಗೆ, ಅಮೆರಿಕಾಕ್ಕೆ, ಭೂಮಿಯ ಆ ಕೊನೆಯ ನ್ಯೂಜಿಲೆಂಡಿಗೂ ಹೋಗಿದೆಯಂತೆ. ಎಲ್ಲಿ ಹೋದರೂ ತಂಪಿದ್ದ ಕಡೆಯೇ ಬಾಳುವುದು. ಕಾಳಿನ ಸಿಪ್ಪೆ ತೀರಾ ತೆಳು. ಗೊಂಚಲು ಸರ್ವೆಮರದ ಕಾಯಿಯ ಹಾಗೆ ಒತ್ತೊತ್ತು, ಒಳಗೆ ಒಂದು ಕಾಳು ಕೊಳೆತರೆ ಪಕ್ಕದ್ದಕ್ಕೂ ಹತ್ತುತ್ತದೆ. ವೈನಿನ ಬಣ್ಣ ಕಡು ಅಲ್ಲ, ಆದರೆ ಘಮ ಬೇರೆ ಯಾವುದಕ್ಕೂ ಇಲ್ಲವಂತೆ. ನಾವು ಕುಡಿಯುವ ಮನೆಯವರಲ್ಲ, ಅದರ ಘಮ ಕಟ್ಟಿಕೊಂಡು ನನಗೇನು? ಅವನು ಮಾತಾಡುತ್ತಿದ್ದಾನಲ್ಲ ಎಂದು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸುತ್ತಿದ್ದೆ.

"ನಮ್ಮ ನೀಲಿ ದ್ರಾಕ್ಷಿ ಗಟ್ಟಿಗಿತ್ತಿ ಅತ್ತಿಗೆ. ವರ್ಷಕ್ಕೆ ಎರಡು ಸಲ ಕತ್ತರಿಸಿ, ಎರಡು ಸಲ ಎಬ್ಬಿಸಿದ್ರೂ ಏಳ್ತಾಳೆ. ಇವಳು ಹಾಗಲ್ಲ. ಅಲ್ಲಿ ಚಳಿಗಾಲ ಪೂರ್ತಿ ಸತ್ತ ಹಾಗೆ ಮಲಗ್ತಾಳೆ. ಎಲ್ಲಾ ಮರೆತು ನಿದ್ದೆ ಆದ್ಮೇಲೇ ಕಣ್ಣು ಬಿಡೋದು."

"ಇಲ್ಲಿ ಅಷ್ಟು ಚಳಿ ಎಲ್ಲಿಂದ ತರ್ತೀಯಪ್ಪ?"

"ಈ ಸಲ ಆಯುಧಪೂಜೆ ಹೊತ್ತಿಗೆ ಎಲ್ಲದರ ಜೊತೆ ಕತ್ತರಿ ಹಾಕಲ್ಲ. ನೀರು ನಿಲ್ಲಿಸಿ ಸಂಕ್ರಾಂತಿ ತನಕ ಬಿಡ್ತೀನಿ. ಇರೋ ಚಳಿಯಲ್ಲೇ ಮಲಗಲಿ."

ಶನಿವಾರ ಆಂಜನೇಯನ ಗುಡಿಗೆ ಹೋದಾಗ ನಾನು ಕೇಳುತ್ತಿದ್ದುದು ಒಂದೇ: ಒಂದು ಫಸಲು ಕೊಡಪ್ಪ. ಆ ಬಳ್ಳಿ ಹೋದರೆ ಅವನ ಮಾತೂ ಹೋಗುತ್ತದೆ ಎಂಬ ಹೆದರಿಕೆ ನನಗೆ.

ತೀರಿಕೊಂಡವಳ ಎರಡನೇ ವರ್ಷದ ತಿಥಿ ಆಯುಧಪೂಜೆಯ ಆಸುಪಾಸಿಗೇ ಬಂತು. ಅವಳ ತವರು ಚಿಂತಾಮಣಿ ಕಡೆ, ಕೆಂಚಾರ್ಲಹಳ್ಳಿ. ತಿಥಿ ಅಲ್ಲೇ ಆಗಲಿ ಎಂದು ಅವಳ ತಾಯಿ ಬೇಡಿಕೊಂಡಿದ್ದರಿಂದ ಮೈದುನ, ಅತ್ತೆ, ನಾನು ಮೂವರೂ ಹೊರಟೆವು. ತೋಟದಲ್ಲಿ ಕತ್ತರಿ ಕೆಲಸದ ಆಳುಗಳಿದ್ದರು, ಯಜಮಾನರು ಉಳಿದುಕೊಂಡರು.

ನಾವು ವಾಪಸು ಬಂದಾಗ ಅವರು ಕೈಯಲ್ಲಿ ಕತ್ತರಿ ಹಿಡಿದು ತೋಟದ ಬಾಗಿಲಲ್ಲೇ ನಿಂತಿದ್ದರು. ಮುಖ ಅರಳಿತ್ತು. ತಮ್ಮನಿಗೆ ಎದುರಿಗೆ ಒಂದು ಒಳ್ಳೆ ಮಾತು ಆಡಿ ಗೊತ್ತಿಲ್ಲದ ಮನುಷ್ಯ.

"ನಿನ್ನ ಸಾಲೂ ಮುಗಿಸಿಬಿಟ್ಟೆ ಕಣೋ. ಆಳುಗಳನ್ನ ಮುಟ್ಟೋಕೆ ಬಿಡ್ಲಿಲ್ಲ, ನಾನೇ ಕತ್ತರಿಸಿದೀನಿ. ಬೇಗ ಚಿಗುರಲಿ ಅಂತ ಕಣ್ಣು ಒಡೆಯೋ ಔಷಧೀನೂ ಹಚ್ಚಿದೀನಿ. ತಿಥಿ ಮಾಡಿ ಸುಸ್ತಾಗಿ ಬರ್ತೀಯ, ಮತ್ತೆ ಯಾಕೆ ಕಷ್ಟಪಡಬೇಕು ನೀನು?"

ಮೈದುನ ಚಪ್ಪಲಿ ಬಿಟ್ಟು ಸಾಲಿನೊಳಗೆ ಹೋದ. ಕತ್ತರಿಸಿದ ತುದಿಗಳಲ್ಲಿ ನೀರು ಒಸರುತ್ತಿತ್ತು. ಒಂದೆರಡನ್ನು ಬೆರಳಿನಿಂದ ಮುಟ್ಟಿದ. ತಿರುಗಿ ಬಂದು, "ಒಳ್ಳೇದಾಯ್ತು ಬಿಡಣ್ಣ," ಅಂದ. ನಾನು ಕಾಲು ತೊಳೆಯಲು ಚೊಂಬು ಕೊಡುವಾಗ ತಗ್ಗಿದ ದನಿಯಲ್ಲಿ, "ಸಂಕ್ರಾಂತಿ ತನಕ ಬಿಡೋ ವಿಷಯ ಅಣ್ಣಂಗೆ ಹೇಳ್ಬೇಡಿ ಅತ್ತಿಗೆ," ಅಂದ.

ಕಣ್ಣುಗಳು ಒಂದು ಕಡೆ ಒಡೆದರೆ ಇನ್ನೊಂದು ಕಡೆ ಇಲ್ಲ. ಬಂದ ಚಿಗುರು ನಿದ್ದೆಗಣ್ಣಲ್ಲಿ ಎಬ್ಬಿಸಿದ ಕೂಸಿನ ಹಾಗಿತ್ತು. ಕಾರ್ತಿಕದಲ್ಲಿ ತುಫಾನಿನ ಮಳೆ ಹಿಡಿಯಿತು. ರೋಗ ತಡೆಯಲು ಮೈಲುತುತ್ತ, ಸುಣ್ಣ ಹೊಡೆದರೂ ಹೂ ಕಪ್ಪಾಯಿತು. ಉಳಿದ ಗೊಂಚಲುಗಳು ಬಣ್ಣ ತಿರುಗುವ ಮೊದಲೇ ಕೊಳೆತವು. ಒಂದೇ ಒಂದು, ಅಂಗೈ ಅಗಲದ್ದು, ಚೆನ್ನಾಗಿ ಹಣ್ಣಾಯಿತು. ಅದನ್ನು ದೇವರ ಮುಂದಿಟ್ಟೆ. "ಹೆಂಡದ ಹಣ್ಣು ದೇವರಿಗಾ?" ಎಂದು ಅತ್ತೆ ಕೇಳಲಿಲ್ಲ. ಬಿಸಿಲು ಬಂದ ಮೇಲೆ ಬಳ್ಳಿಗಳು ಒಂದೊಂದಾಗಿ ಒಣಗಿದವು. ಮೈದುನ ತಾನೇ ಅಗೆದು ತೆಗೆದ, ಆ ಜಾಗಕ್ಕೆ ನೀಲಿ ದ್ರಾಕ್ಷಿ ಹಾಕಿದ. ಅಡಿಗೆಮನೆ ಬಾಗಿಲಿಗೆ ಮತ್ತೆ ಬಂದು ಕೂರಲಿಲ್ಲ.

ಯಜಮಾನರು ಈಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಅನ್ನ ಕಲಸುತ್ತಾ ಕಲಸುತ್ತಾ ನಿಲ್ಲಿಸಿ ನನ್ನನ್ನು ಕೇಳಿದರು: "ನಾನು ಕತ್ತರಿ ಹಾಕಿದ್ದರಲ್ಲೇ ಏನಾದ್ರೂ ಹೆಚ್ಚುಕಮ್ಮಿ ಆಯ್ತೇನೆ?"

ನಾನು ಸಾರಿನ ಪಾತ್ರೆಯ ಕಡೆ ತಿರುಗಿದೆ. ಪಕ್ಕದ ತಟ್ಟೆಯಿಂದ ಮೈದುನ ತಲೆ ಎತ್ತಿದ.

"ಇಲ್ಲಣ್ಣ. ನಿನ್ನ ಕೈಯಲ್ಲಿ ಏನೂ ತಪ್ಪಾಗಿಲ್ಲ. ಈ ಸಲ ಮಳೆ ಜಾಸ್ತಿ ಆಯ್ತು."

ಆ ಬೇಸಿಗೆ ಪೂರ್ತಿ ಅವನು ಆಡಿದ ಉದ್ದದ ಮಾತು ಅದೊಂದೇ. ಯಜಮಾನರು ಅನ್ನ ಕಲಸಿ ಉಂಡರು. ನಾನು ಇಬ್ಬರಿಗೂ ಮಜ್ಜಿಗೆ ಬಡಿಸಿದೆ.