ಶ್ರೀನಿವಾಸ ಅಂಕಲ್ ಮೋಸ ಹೋಗಿರಲಿಲ್ಲ

ನಾನು ನಿಂತಿದ್ದದ್ದು ಕೆರೊಲಿನಾದ ಏಪೆಕ್ಸ್ ಎಂಬ ಊರಿನಲ್ಲಿ, ವಿಮಲಾ ಆಂಟಿಯವರ ಅಡುಗೆಮನೆಯ ಬಾಗಿಲಿನಲ್ಲಿ. 2022ರ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ. ಬಲಗೈ ಚೌಕಟ್ಟಿನ ಮೇಲಿತ್ತು. ಆಫೀಸ್ ಮೀಟಿಂಗಿನ ಇಯರ್‌ಫೋನ್ ಇನ್ನೂ ಒಂದು ಕಿವಿಯಲ್ಲಿತ್ತು. ಸಿಂಕು ಎದುರಿಗೇ, ನಡುವೆ ಅಡ್ಡ ಏನೂ ಇರಲಿಲ್ಲ. ಅಲ್ಲಿ ಕಂಡದ್ದನ್ನು ನಾನು ಮುಚ್ಚಿಟ್ಟೆ. ಮುಚ್ಚಿಟ್ಟದ್ದಷ್ಟೇ ಆಗಿದ್ದರೆ — ಇಲ್ಲ, ಕೆಲವು ದಿನಗಳ ನಂತರ ಅದರ ಮೇಲೆ ಒಂದು ಸುಳ್ಳನ್ನೂ ಹೇಳಿದೆ. ಆ ಸುಳ್ಳು ಹೋಗಿ ಕುಳಿತದ್ದು ತೀರಿಕೊಂಡವರ ತಲೆಯ ಮೇಲೆ. ಅವರು ಆಂಟಿಯ ಗಂಡ, ಶ್ರೀನಿವಾಸ ಅಂಕಲ್. ನನಗೆ ನೋಡುವುದನ್ನು ಕಲಿಸಿದವರು.

ಅಂಕಲ್ ಆಪರೇಷನ್‌ಗೆ ಮೊದಲು ಅರಿವಳಿಕೆ ಕೊಡುವ ಡಾಕ್ಟರಾಗಿದ್ದರು. ರಿಟೈರಾದ ಮೇಲೆ ಅವರ ಲೋಕವೆಲ್ಲ ಹಳೆಯ ಇಂಗ್ಲಿಷ್ ಪಿಂಗಾಣಿ, ಮಣ್ಣಿನ ಜಗ್ಗು, ತಟ್ಟೆ. ಕೆರೊಲಿನಾಗಳ ಉದ್ದಕ್ಕೂ ಎಲ್ಲಿ ಯಾರ ಮನೆಯ ಹಳೆಯ ಸಾಮಾನು ಮಾರಾಟಕ್ಕಿದ್ದರೂ ಶನಿವಾರ ಬೆಳಿಗ್ಗೆ ಅಲ್ಲಿರುತ್ತಿದ್ದರು. ಆಂಟಿಯೂ ಡಾಕ್ಟರು, ಮಾತಿನಲ್ಲಿ ಕತ್ತರಿ. "ಇವರ ಮುಖ ನೋಡಿದ್ರೇ ಸಾಕು ಕಣೋ ಶ್ರೀಧರ, ಅಂಗಡಿಯವನು ಹಳೇ ಸ್ಟಿಕರ್ ಕಿತ್ತು ಹೊಸದು ಅಂಟಿಸ್ತಾನೆ," ಎನ್ನುತ್ತಿದ್ದರು. ಅಂಕಲ್ ನಗುತ್ತಿದ್ದರು. "ನಿನ್ನನ್ನ ಆರಿಸಿದ್ದೂ ಇದೇ ಕಣ್ಣು ಕಣೇ," ಎನ್ನುತ್ತಿದ್ದರು.

2020ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ, ರಿಸರ್ಚ್ ಟ್ರಯಾಂಗಲ್ ಪಾರ್ಕಿನ ನನ್ನ ಆಫೀಸೂ ಮುಚ್ಚಿತು. ಅವರ ಮನೆಗೆ ತರಕಾರಿ ಒಯ್ದು ಕೊಡುತ್ತಿದ್ದೆ. ಅಂಕಲ್ ಹಿತ್ತಿಲ ಕಡೆಯ ಮರದ ಜಗುಲಿಯಂಥ ಡೆಕ್ಕಿನ ಆ ಕೊನೆಯಲ್ಲಿ ಮಾಸ್ಕ್ ಹಾಕಿ ಕೂತು, ಈ ಕೊನೆಯ ಮೇಜಿನ ಮೇಲೆ ಒಂದು ವಸ್ತು ಇಟ್ಟಿರುತ್ತಿದ್ದರು. "ಮೊದಲು ಕೈಯನ್ನ ಕೇಳು. ಆಮೇಲೆ ಕಣ್ಣನ್ನ. ಬೆಲೆ ಕೊನೇಲಿ ಕೇಳು, ಕೇಳದಿದ್ರೂ ನಡೆಯತ್ತೆ." ತಿರುವಿ ಹಾಕಿ ಬುಡ ನೋಡುವುದನ್ನು ಕಲಿಸಿದರು. ಬುಡದಲ್ಲಿ ದೇಶದ ಹೆಸರು ಅಚ್ಚಾಗಿದ್ದರೆ ಅದು ಈಚಿನ ಕಾಲ. ಏನೂ ಇಲ್ಲದಿದ್ದರೆ ಅವಸರ ಬೇಡ, ಸವೆತ ನೋಡು. ಈ ಸವೆತದ ಪಾಠವನ್ನು ನಾನು ಇಲ್ಲಿ ಬರೆಯಲೇಬೇಕು. ನಿಜವಾಗಿ ಹಳೆಯದಾದ ಪಾತ್ರೆಯ ಮೇಲಿನ ಗೀರುಗಳು ಎಲ್ಲ ದಿಕ್ಕಿಗೂ ಓಡುತ್ತವೆ, ಏಕೆಂದರೆ ಎಷ್ಟೋ ಜನ, ಎಷ್ಟೋ ಕಾಲ, ಎಷ್ಟೋ ರೀತಿಯಲ್ಲಿ ಅದನ್ನು ಇಟ್ಟಿರುತ್ತಾರೆ, ಎತ್ತಿರುತ್ತಾರೆ. ಹಳೆಯದೆಂದು ನಂಬಿಸಲು ಮೋಸಗಾರ ಉಜ್ಜಿದ ಗೀರುಗಳು ಒಂದೇ ದಿಕ್ಕಿಗೆ ಸುತ್ತುತ್ತವೆ.

ಅವರ ಸಂಗ್ರಹದ ಕಣ್ಮಣಿ ಒಂದು ಕಾಪರ್ ಲಸ್ಟರ್ ಜಗ್. ನೋಡಿದರೆ ತಾಮ್ರವೇ. ಆದರೆ ಒಳಗೆ ಕೆಂಗಂದು ಮಣ್ಣು. ಮೇಲೆ ಚಿನ್ನ ಬೆರೆತ, ಉಸಿರಿನಷ್ಟು ತೆಳುವಾದ ಪೊರೆ. ಕೆಂಪು ಮಣ್ಣಿನ ಮೇಲೆ ಕೂತ ಚಿನ್ನ ತಾಮ್ರವಾಗಿ ಹೊಳೆಯುತ್ತದೆ. ಬುಡದಲ್ಲಿ ಗುರುತಿಲ್ಲ. ಶಾರ್ಲಟ್ ಹತ್ತಿರದ ಒಂದು ಮನೆಯ ಮಾರಾಟದಲ್ಲಿ ಎಲ್ಲರೂ ನಕಲೆಂದು ಕೈಬಿಟ್ಟಿದ್ದನ್ನು ಅಂಕಲ್ ಒಬ್ಬರೇ ಎತ್ತಿಕೊಂಡಿದ್ದರು. ವಿಕ್ಟೋರಿಯಾ ರಾಣಿಯ ಆರಂಭದ ವರ್ಷಗಳದು, ಇನ್ನೂ ಹಿಂದಿನದೂ ಇರಬಹುದು — ಅವರು ಹೇಳಿದ್ದು ಸರಿಯಾಗಿತ್ತು. ನಾನೂ ಆ ಜಗ್ಗನ್ನು ಹಿಡಿದು ನೋಡಿದ್ದೆ, ಬುಡದ ಗೀರುಗಳನ್ನು ಭೂತಗನ್ನಡಿಯಲ್ಲಿ ಕಂಡಿದ್ದೆ. ಮಾರುಕಟ್ಟೆಯಲ್ಲಿ ಅದಕ್ಕೆ ದೊಡ್ಡ ಬೆಲೆಯೇನಿಲ್ಲ. ಆದರೆ ಆಂಟಿ ಎಂದೂ ಗೇಲಿ ಮಾಡದ ಒಂದೇ ವಸ್ತು ಅದು.

ಅಂಕಲ್ 2021ರ ಆರಂಭದಲ್ಲಿ ಹೋದರು. ಆ ವರ್ಷ ಆ ಮನೆಯಲ್ಲಿ ಹಬ್ಬವಿಲ್ಲ. ಮುಂದಿನ ವರ್ಷ ಆಂಟಿಯೇ ನನ್ನ ಹೆಂಡತಿ ಸುಮಾಗೆ ಫೋನ್ ಮಾಡಿದರು: "ಈ ಸಲ ಲಕ್ಷ್ಮೀನ ನಮ್ಮನೇಲೇ ಕೂರಿಸಮ್ಮ. ಪೂಜೆ ನೀನು ಮಾಡು, ಪುಳಿಯೋಗರೆ ನಾನು ಮಾಡ್ತೀನಿ. ಮನೆ ಬಣಗುಡ್ತಿದೆ." ಮೈಸೂರಿನಿಂದ ಬಂದಿದ್ದ ನನ್ನ ಅಮ್ಮನೂ ನಮ್ಮೊಡನೆ ಹೋದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು. ಊರಿಗೆ ಹೋದ ಮೇಲೆ ಆಪರೇಷನ್ ಎಂದು ಮುಂದೂಡುತ್ತಿದ್ದಳು.

ಊಟದ ಮೇಜಿನ ಮೇಲೆ ಹಬ್ಬಕ್ಕೆಂದು ತೆಗೆದ ಹಿತ್ತಾಳೆ, ತಾಮ್ರದ ಸಾಮಾನು ಹರಡಿತ್ತು. ಜಗ್ಗೂ ಅಲ್ಲೇ ಇತ್ತು. ಆಂಟಿ ಹೂವು, ಬಾಳೆಎಲೆ ತರಲು ಹೊರಡುವಾಗ, "ಅದನ್ನ ಬೀರುವಿನಲ್ಲಿ ಇಟ್ಟುಬಿಡಪ್ಪ," ಎಂದರು. "ಆಯ್ತು ಆಂಟಿ," ಎಂದೆ. ಮೀಟಿಂಗ್ ಶುರುವಾಯಿತು. ಇಡಲಿಲ್ಲ.

ನಾನು ಬಾಗಿಲಿಗೆ ಬರುವಷ್ಟರಲ್ಲಿ ಅಮ್ಮ ಆ ಜಗ್ಗನ್ನು ಹುಣಸೆಹಣ್ಣು, ಕಲ್ಲುಪ್ಪು ಹಾಕಿ ಸ್ಟೀಲಿನ ಸ್ಕ್ರಬ್ಬಿನಲ್ಲಿ ಉಜ್ಜುತ್ತಿದ್ದಳು. ದುಂಡಗೆ, ದುಂಡಗೆ. ಜೀವನವಿಡೀ ಚೊಂಬು ಉಜ್ಜಿದ ಕೈ. ಜಗ್ಗಿನ ಹೊಟ್ಟೆಯ ಒಂದು ಬದಿಯ ಹೊಳಪು ಹೋಗಿ ಕಂದು ಮಣ್ಣು ಕಾಣುತ್ತಿತ್ತು. ನಾನು ಕೂಗಲಿಲ್ಲ. ಬೆಚ್ಚಿಬಿದ್ದು ಕೈಜಾರಿಸಿಬಿಟ್ಟಾಳು ಎಂದು ಸುಮ್ಮನಾದೆ — ಹಾಗೆ ಹೇಳಿಕೊಳ್ಳಬಹುದು. ನಿಜವಲ್ಲ. ನಾನು ಮಾಡದೆ ಬಿಟ್ಟ ಕೆಲಸ ನೆನಪಾಗಿ ಬಾಯಿ ಕಟ್ಟಿತು, ಅಷ್ಟೆ. ಅಮ್ಮನೇ ತಿರುಗಿ ನೋಡಿದಳು.

"ಇಬ್ಬಿಬ್ಬರು ಡಾಕ್ಟರಿದ್ದ ಮನೆ ಅಂತೀರಿ, ತಾಮ್ರಕ್ಕೆ ಒಂದು ದಿನವೂ ಹುಣಸೆಹಣ್ಣು ತೋರಿಸಿಲ್ಲವಲ್ಲೋ! ನೋಡು, ಎಷ್ಟು ತಿಕ್ಕಿದ್ರೂ ಕಪ್ಪು ಬಿಡ್ತಾನೇ ಇಲ್ಲ."

ನಾನು ಜಗ್ಗನ್ನು ಇಸಿದುಕೊಂಡೆ. "ಸಾಕು ಬಿಡಮ್ಮ," ಎಂದಷ್ಟೇ ಹೇಳಿ ಒರೆಸಿ, ಕೆಟ್ಟ ಬದಿಯನ್ನು ಗೋಡೆಗೆ ಮಾಡಿ ಬೀರುವಿನಲ್ಲಿಟ್ಟೆ. ತಿರುಗಿದರೆ ಬಾಗಿಲಲ್ಲಿ ಸುಮಾ ನಿಂತಿದ್ದಳು, ಕೈಯಲ್ಲಿ ಮಾವಿನ ತೋರಣ. ಎಲ್ಲವನ್ನೂ ನೋಡಿದ್ದಳು. "ಆಂಟಿಗೆ ಇವತ್ತೇ ಹೇಳಿಬಿಡಿ," ಎಂದಳು. ಹಬ್ಬ ಮುಗೀಲಿ ಎಂದೆ.

ಹಬ್ಬ ಮುಗಿಯಿತು. ನಾನು ಹೇಳಲಿಲ್ಲ. ಮುಂದಿನ ವಾರ ಆಂಟಿಯೇ ಕರೆಸಿದರು. ಜಗ್ಗನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು. "ಇದ್ಯಾಕೋ ಹೀಗಾಗಿದೆ? ನೀನು ಅವರ ಶಿಷ್ಯ, ನೀನೇ ಹೇಳಪ್ಪ." ನಾನು ತೆಗೆದುಕೊಂಡು ತಿರುವಿದೆ. ಭೂತಗನ್ನಡಿ ಹಿಡಿದೆ — ಆ ನಾಟಕವನ್ನೂ ಆಡಿದೆ. ಆಮೇಲೆ ಹೇಳಿದೆ:

"ಆಂಟಿ, ಇದು ಹಳೇದಲ್ಲ. ಈಚಿನ ನಕಲು. ಬಳಿದಿದ್ದ ಬಣ್ಣ ಬಿಡ್ತಾ ಇದೆ. ನೋಡಿ, ಗೀರೆಲ್ಲ ಒಂದೇ ದಿಕ್ಕಿಗಿದೆ."

ಅಂಕಲ್ ಕಲಿಸಿದ್ದ ಪಾಠ. ಅಮ್ಮನ ಕೈಯ ಗೀರುಗಳು. ಎರಡನ್ನೂ ಸೇರಿಸಿ ಅವರ ವಿರುದ್ಧವೇ ಸಾಕ್ಷಿ ಕಟ್ಟಿದೆ.

ಆಂಟಿ ಮೊದಲು ನಕ್ಕರು. ಗೋಡೆಯ ಮೇಲಿನ ಫೋಟೊಗೆ ಹೇಳಿದರು: "ಏನ್ರೀ, ಇದರಲ್ಲೂ ಟೋಪಿ ಹಾಕಿಸ್ಕೊಂಡ್ರಾ!" ನಗು ಬೇಗ ನಿಂತಿತು. "ಇದೊಂದರಲ್ಲಿ ಅವರೇ ಗೆದ್ದಿದ್ರು ಅಂದ್ಕೊಂಡಿದ್ದೆ ಕಣೋ," ಎಂದರು. ಆಗಲೂ ಹೇಳಬಹುದಿತ್ತು —

ಮರುವರ್ಷ ಅವರು ಅಲ್ಫರೆಟಾದ ಮಗಳ ಮನೆಗೆ ಹೊರಟಾಗ, ಮಿಕ್ಕ ಸಂಗ್ರಹದ ಕಾಲ, ಬೆಲೆ ನೋಡಿಕೊಡುತ್ತೇನೆ ಎಂದೆ. ಬೇಡವೆಂದರು. "ಇನ್ನೂ ಎಷ್ಟು ಮೋಸ ಹೋಗಿದ್ರೋ, ಯಾಕೆ ಎಣಿಸೋದು? ಅವರ ಮರ್ಯಾದೆ ನನ್ನ ಹತ್ರಾನೇ ಇರ್ಲಿ." ಎಲ್ಲವೂ ದಾನದ ಅಂಗಡಿಗೆ ಹೋಯಿತು. ಪೆಟ್ಟಿಗೆಗಳನ್ನು ಕಾರಿಗೆ ಹೊತ್ತವನು ನಾನು. ಒಳಗಿರುವುದು ಏನೆಂದು ನನಗೆ ಗೊತ್ತಿತ್ತು.

ಜಗ್ಗನ್ನು ಮಾತ್ರ ಆಂಟಿ ಬಿಡಲಿಲ್ಲ. ಈ ಯುಗಾದಿಗೆ ಅಲ್ಫರೆಟಾಗೆ ಹೋದಾಗ ಅದು ಒಲೆಯ ಪಕ್ಕದಲ್ಲಿತ್ತು, ಸೌಟು, ಜಾಲರಿಗಳನ್ನು ತುಂಬಿಕೊಂಡು. ಯಾರೋ ಕೇಳಿದರು, ಚೆನ್ನಾಗಿದೆಯಲ್ಲ ಎಂದು. "ಅದಾ? ನಮ್ಮನೆಯವರು ಜೀವಮಾನದಲ್ಲಿ ಹಾಕಿಸ್ಕೊಂಡ ದೊಡ್ಡ ಟೋಪಿ. ಶ್ರೀಧರನ್ನ ಕೇಳಿ, ಅವನೇ ಕಂಡುಹಿಡಿದಿದ್ದು," ಎಂದರು, ಪ್ರೀತಿಯಿಂದಲೇ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಮರುದಿನ ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವಳ ಮರ್ಯಾದೆ ಉಳಿಸಲು ಸುಳ್ಳಾಡಿದೆ ಎಂದು ಅಲ್ಲಿಯವರೆಗೆ ನಂಬಿದ್ದೆ.

"ಅಯ್ಯೋ ಪಾಪಿ! ನನ್ನ ಕೈತಪ್ಪನ್ನ ಆ ಪುಣ್ಯಾತ್ಮನ ತಲೆಗೆ ಕಟ್ಟಿದ್ಯಾ? ಆಗಲೇ ಹೇಳಿದ್ರೆ ನಾನೇ ಕೈ ಮುಗಿದು ಕೇಳ್ಕೊತಿದ್ನಲ್ಲೋ. ಆಕೆ ಬೈದು, ಕಾಫಿ ಕೊಟ್ಟು ಕಳಿಸ್ತಿದ್ರು."

ಅಲ್ಲಿಗೆ ಆ ನೆಪವೂ ಇಲ್ಲವಾಯಿತು.

ಈ ಶನಿವಾರ ಅಲ್ಫರೆಟಾಗೆ ಹೋಗುತ್ತಿದ್ದೇನೆ. ಇದನ್ನು ಆಂಟಿಯ ಮುಂದೆ ಕೂತು ಓದುತ್ತೇನೆ, ಅವರ ಮಗಳು, ಮೊಮ್ಮಕ್ಕಳು ಎಲ್ಲರೂ ಕೇಳುವಂತೆ. ಜಗ್ ಹಳೆಯದು, ನಿಜವಾದದ್ದು, ಆಂಟಿ. ಅಂಕಲ್ ಕಂಡದ್ದು ಸರಿ. ಪೆಟ್ಟಿಗೆಗಳಲ್ಲಿ ಹೋದದ್ದನ್ನು ನಾನು ಮರಳಿ ತರಲಾರೆ. ಇನ್ನು ನನ್ನ ಮಾತನ್ನು ನೀವು ನಂಬಬೇಕಾಗಿಲ್ಲ. ಆ ಗುರುವಾರ ಅಡುಗೆಮನೆಯಲ್ಲಿ ನನ್ನ ಜೊತೆಗೆ ಅದನ್ನು ಕಂಡವರು ಇಬ್ಬರು: ಸಿಂಕಿನ ಮುಂದಿದ್ದ ನನ್ನ ಅಮ್ಮ ಜಯಮ್ಮ, ನನ್ನ ಹಿಂದಿದ್ದ ಸುಮಾ. ಇಬ್ಬರೂ ಇದ್ದಾರೆ. ಅವರನ್ನು ಕೇಳಿ.